ಲೇಕ್ ಪವೆಲ್ ದಂಡೆಯಲ್ಲಿ ಆರ್‌ವಿ ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಫೀನಿಕ್ಸ್ ಪಕ್ಕದಲ್ಲಿ. ಬೇಸಿಗೆ ರಜೆ ಹತ್ತಿರ ಬಂದಹಾಗೆ, ಅದರಲ್ಲೂ ಊರಿಂದ ಅಪ್ಪ ಅಮ್ಮ ಬಂದಿರುವ ಮನೆಗಳಿಂದ, ಫೋನು ಶುರುವಾಗುತ್ತದೆ. "ನೀವು ಆರ್‌ವಿ ತಗೊಂಡು ಪೇಜ್‌ಗೆ ಹೋಗಿದ್ರಂತಲ್ಲ, ಹೆಂಗಿತ್ತು? ನಮಗಾಗುತ್ತಾ?" ಇದುವರೆಗೆ ನಾಲ್ಕು ಸಲ ಹೋಗಿದ್ದೇವೆ, ಎರಡು ಸಲ ಹಿರಿಯರನ್ನು ಕರೆದುಕೊಂಡು. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳಿವೆ. ಆರ್‌ವಿ ಅಂದರೆ ಮಲಗಲು, ಅಡುಗೆಗೆ, ಸ್ನಾನಕ್ಕೆ ಒಳಗೇ ಜಾಗ ಇರುವ ಗಾಡಿ, ಚಕ್ರದ ಮೇಲಿನ ಮನೆ.

ಈ ಜಾಗ ಎಲ್ಲಿದೆ? ಅಲ್ಲಿಗೇ ಯಾಕೆ?

ಅರಿಜೋನದ ಉತ್ತರದ ತುದಿಯಲ್ಲಿ, ಯೂಟಾ ಗಡಿಗೆ ಅಂಟಿಕೊಂಡು ಪೇಜ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಏಳೂವರೆ ಸಾವಿರದ ಆಸುಪಾಸು. 1957ರವರೆಗೆ ಅಲ್ಲಿ ಊರೇ ಇರಲಿಲ್ಲ. ಕೊಲರಾಡೊ ನದಿಗೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಕಟ್ಟಲು ಬಂದ ಕೆಲಸಗಾರರಿಗೆಂದು ಬೋಳುಗುಡ್ಡದ ಮೇಲೆ ಎಬ್ಬಿಸಿದ ಕಾಲೊನಿ ಅದು. ಆ ಜಾಗ ನವಾಹೊ ಎಂಬ ಮೂಲನಿವಾಸಿ ಜನರದ್ದಾಗಿತ್ತು; ಬದಲಿಗೆ ಯೂಟಾದಲ್ಲಿ ಬೇರೆ ಭೂಮಿ ಕೊಟ್ಟು ಪಡೆದರು. ಕಟ್ಟೆ ಮುಗಿದ ಮೇಲೂ ಊರು ಉಳಿಯಿತು. ಮುಖ್ಯರಸ್ತೆಯ ಒಂದು ಬದಿಯಲ್ಲಿ ಸಾಲಾಗಿ ಹತ್ತಾರು ಚರ್ಚುಗಳಿವೆ, ನಮ್ಮೂರ ಸಂತೆಯಲ್ಲಿ ಬಳೆ ಅಂಗಡಿಗಳಿದ್ದ ಹಾಗೆ. ನೋಡಿದರೆ ನಗು ಬರುತ್ತದೆ.

ಊರಿನಿಂದ ಏಳೆಂಟು ಮೈಲಿ ದೂರದಲ್ಲಿ ವಾವೀಪ್. ನಾನು ಹೇಳುತ್ತಿರುವ ಕ್ಯಾಂಪ್‌ಗ್ರೌಂಡ್, ಅಂದರೆ ಆರ್‌ವಿ ನಿಲ್ಲಿಸಿ ತಂಗುವ ಜಾಗ, ಇರುವುದು ಅಲ್ಲಿ, ಆ ಅಣೆಕಟ್ಟಿನ ಹಿಂದೆ ನಿಂತ ಲೇಕ್ ಪವೆಲ್‌ನ ನೀರು ಕಾಣುವ ಇಳಿಜಾರಿನಲ್ಲಿ. ವಾವೀಪ್ ಎಂಬ ಹೆಸರಿಗೆ ಪೈಯೂಟ್ ಮೂಲನಿವಾಸಿಗಳ ಮಾತಿನಲ್ಲಿ ಕಹಿನೀರು ಎಂಬ ಅರ್ಥ ಹೇಳುತ್ತಾರೆ. ಅಲ್ಲಿಗೇ ಯಾಕೆ ಅಂದರೆ, ಕೆಂಪು ಕಲ್ಲು, ನೀಲಿ ನೀರು, ನಡುವೆ ಒಂದು ಮರವೂ ಇಲ್ಲ. ಮಲೆನಾಡಿನವರಿಗೆ ಮೊದಲ ದಿನ ಬೇಜಾರಾಗಬಹುದು. ಹಂಪಿಯ ಬಂಡೆ ನೋಡಿ ಬೆಳೆದವರು ಮಾತ್ರ ಸಂಜೆ ಬೆಳಕಿನಲ್ಲಿ ಕುರ್ಚಿ ಬಿಟ್ಟು ಏಳುವುದಿಲ್ಲ.

ಯಾವ ತಿಂಗಳು ಹೋಗಬೇಕು?

ಮೇ ಕೊನೆ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಜುಲೈನಲ್ಲಿ ಹಗಲು 36 ಡಿಗ್ರಿ ಸೆಲ್ಸಿಯಸ್ ಮಾಮೂಲು. ಫೀನಿಕ್ಸ್‌ನವರಿಗೆ ಅದು ತಂಪು, ಬೆಂಗಳೂರಿಂದ ಬಂದಿಳಿದವರಿಗೆ ಬೆಂಕಿ. ಆದರೆ ಸ್ಕೂಲ್ ರಜೆ ಇರುವುದೇ ಆಗ, ನೀರು ಈಜಲು ಬೆಚ್ಚಗಿರುವುದೂ ಆಗಲೇ. ಏಪ್ರಿಲ್‌ನಲ್ಲಿ ಕಾಲಿಟ್ಟರೆ ನೀರು ಕೊರೆಯುತ್ತದೆ, ಗಾಳಿಗೆ ಮರಳು ಅನ್ನದ ತಟ್ಟೆಗೇ ಬಂದು ಕೂರುತ್ತದೆ.

ಆರ್‌ವಿ ಅಂದರೆ ಬಸ್ಸಾ? ಯಾವುದು ತಗೋಬೇಕು?

ದೊಡ್ಡ ಬಸ್ಸಿನಂಥದ್ದು ಕ್ಲಾಸ್ ಎ. ವ್ಯಾನಿನೊಳಗೇ ಎಲ್ಲವನ್ನೂ ತುರುಕಿದ್ದು ಕ್ಲಾಸ್ ಬಿ. ಲಾರಿ ಮೂತಿಗೆ ಮನೆ ಕೂರಿಸಿ, ಡ್ರೈವರ್ ತಲೆಯ ಮೇಲೆ ಒಂದು ಅಟ್ಟ ಇರುವುದು ಕ್ಲಾಸ್ ಸಿ. ಅಜ್ಜ ಅಜ್ಜಿ, ಗಂಡ ಹೆಂಡತಿ, ಎರಡು ಮಕ್ಕಳು ಅಂದರೆ ಕ್ಲಾಸ್ ಸಿ, 25ರಿಂದ 28 ಅಡಿ ಉದ್ದದ್ದು. ಮಕ್ಕಳು ಅಟ್ಟಕ್ಕೆ, ಹಿರಿಯರು ಹಿಂದಿನ ಮಂಚಕ್ಕೆ, ನೀವು ಊಟದ ಮೇಜು ಮಡಚಿದರೆ ಆಗುವ ಹಾಸಿಗೆಗೆ. ಆ ಹಾಸಿಗೆ ಹೇಗಿರುತ್ತದೆ ಅಂತ ಮಾತ್ರ ಕೇಳಬೇಡಿ.

"ಎಂಟು ಜನ ಮಲಗಬಹುದು" ಅಂತ ಬಾಡಿಗೆಯವರು ಬರೆದಿರುತ್ತಾರೆ. ಮಲಗಬಹುದು, ನಿಜ. ಎದ್ದ ಮೇಲೆ ಎಂಟು ಜನ ಎಲ್ಲಿ ನಿಲ್ಲುತ್ತಾರೆ ಅಂತ ಬರೆದಿರುವುದಿಲ್ಲ. ಇನ್ನೊಂದು ವಿಷಯ: ಗಾಡಿ ಓಡುವಾಗ ಪ್ರತಿಯೊಬ್ಬರಿಗೂ ಸೀಟ್‌ಬೆಲ್ಟ್ ಇರುವ ಜಾಗ ಬೇಕು. ಮಲಗುವವರ ಲೆಕ್ಕ ಬೇರೆ, ಬೆಲ್ಟ್ ಲೆಕ್ಕ ಬೇರೆ. ಬುಕ್ ಮಾಡುವ ಮುಂಚೆ ಎರಡನೆಯದನ್ನು ಕೇಳಿ.

ಲಾರಿ ಲೈಸೆನ್ಸ್ ಬೇಕಾ?

ಬೇಡ. ಬಾಡಿಗೆಗೆ ಸಿಗುವ ಕ್ಲಾಸ್ ಸಿ ಗಾಡಿಗಳಿಗೆ ಸಾಮಾನ್ಯ ಕಾರ್ ಲೈಸೆನ್ಸ್ ಸಾಕು. ಬಹಳಷ್ಟು ಕಂಪನಿಗಳು 25 ವರ್ಷ ತುಂಬಿರಬೇಕು ಅನ್ನುತ್ತವೆ. ಕರಾರಿನಲ್ಲಿ ಹೆಸರಿರುವವರು ಮಾತ್ರ ಓಡಿಸಬೇಕು. "ನಾನು ಹಾಸನದಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ದೆ" ಅಂತ ಭಾವ ಎಷ್ಟೇ ಹೇಳಿದರೂ ಸ್ಟಿಯರಿಂಗ್ ಕೊಡಬೇಡಿ. ಕ್ರೆಡಿಟ್ ಕಾರ್ಡಿನ ಬಾಡಿಗೆ ಕಾರು ವಿಮೆ ಬಹುತೇಕ ಆರ್‌ವಿಗೆ ಅನ್ವಯಿಸುವುದಿಲ್ಲ. ವಿಮೆಗೆ ಬೇರೆಯೇ ದುಡ್ಡು ತೆಗೆದಿಡಿ.

ಓಡಿಸುವುದು ಕಷ್ಟವಲ್ಲ, ಮರೆಯುವುದು ಸುಲಭ. ಹನ್ನೊಂದು ಹನ್ನೆರಡು ಅಡಿ ಎತ್ತರದ ಗಾಡಿಯಲ್ಲಿ ಕೂತಿದ್ದೇವೆ ಅನ್ನುವುದು ಮರೆತರೆ ಬರ್ಗರ್ ಅಂಗಡಿಯ ಸೂರಿಗೆ ತಲೆ ಹೊಡೆಯುತ್ತದೆ. ತಿರುಗಿಸುವಾಗ ಹಿಂಬದಿ ಹೊರಕ್ಕೆ ಬೀಸುತ್ತದೆ ಅನ್ನುವುದು ಮರೆತರೆ ಪೆಟ್ರೋಲ್ ಬಂಕಿನ ಹಳದಿ ಕಂಬ ಸಿಗುತ್ತದೆ. ಆ ಎರಡನೆಯ ಪಾಠ ನನಗೆ ಮೊದಲ ದಿನವೇ, ಮೊದಲ ಬಂಕಿನಲ್ಲೇ ಆಯಿತು. ಹೆಂಡತಿ ಇಳಿದು ಹಿಂದೆ ನಿಂತು ಕೈ ತೋರಿಸಿದ್ದರೆ ಉಳಿಯುತ್ತಿದ್ದ ಡಿಪಾಸಿಟ್ ಅದು. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿಯಲೇಬೇಕು, ನಮ್ಮ ಬಸ್ಸಿನ ಕಂಡಕ್ಟರ್ ಹಾಗೆ ಗಾಡಿ ತಟ್ಟುತ್ತಾ "ರೈಟ್, ರೈಟ್" ಅನ್ನಬೇಕು.

ದಾರಿ ಯಾವುದು?

ಫೀನಿಕ್ಸ್‌ನಿಂದ ಐ-17ರಲ್ಲಿ ಫ್ಲ್ಯಾಗ್‌ಸ್ಟಾಫ್, ಅಲ್ಲಿಂದ ಹೈವೇ 89. ಒಟ್ಟು ಸುಮಾರು 275 ಮೈಲಿ. ಕಾರಿನಲ್ಲಿ ನಾಲ್ಕೂವರೆ ಗಂಟೆ ಆದರೆ ಆರ್‌ವಿಯಲ್ಲಿ ಆರು ಅಂತ ಇಟ್ಟುಕೊಳ್ಳಿ. ಐ-17ರ ಏರುಗಳಲ್ಲಿ ಏಸಿ ಆರಿಸಿ ಅಂತ ಬೋರ್ಡ್ ಇರುತ್ತದೆ, ತಮಾಷೆಗೆ ಹಾಕಿದ್ದಲ್ಲ. ಗ್ಯಾಲನ್ನಿಗೆ ಎಂಟರಿಂದ ಹತ್ತು ಮೈಲಿ ಕೊಡುವ ಗಾಡಿ ಇದು, ಫ್ಲ್ಯಾಗ್‌ಸ್ಟಾಫ್‌ನಲ್ಲೇ ಟ್ಯಾಂಕ್ ತುಂಬಿಸಿ. ಮುಂದೆ ಕ್ಯಾಮರಾನ್ ಬಿಟ್ಟರೆ ಊರು ಅನ್ನುವಂಥದ್ದು ಇಲ್ಲ, ಫೋನಿನ ಸಿಗ್ನಲ್ಲೂ ಬಂದು ಹೋಗುತ್ತಿರುತ್ತದೆ. ಪೇಜ್‌ಗೆ ಇಪ್ಪತ್ತು ಇಪ್ಪತ್ತೈದು ಮೈಲಿ ಮುಂಚೆ ಬಂಡೆ ಕೊರೆದ ಘಾಟಿ ಬರುತ್ತದೆ. 2013ರ ಫೆಬ್ರುವರಿಯಲ್ಲಿ ಅಲ್ಲಿ ರಸ್ತೆಯೇ ಕುಸಿದು, ಎರಡು ವರ್ಷ ಮುಚ್ಚಿತ್ತು.

ಲಾಸ್ ವೇಗಸ್ ಕಡೆಯಿಂದ ಬರುವವರು ಜಿಪಿಎಸ್ ಮಾತು ಕೇಳಿ ಜಯಾನ್ ಪಾರ್ಕಿನೊಳಗೆ ನುಗ್ಗಬೇಡಿ. ಅಲ್ಲಿನ ಹಳೆಯ ಸುರಂಗ ಸಣ್ಣ ಕಾರುಗಳ ಕಾಲದ್ದು. 11 ಅಡಿ 4 ಇಂಚಿಗಿಂತ ಎತ್ತರದ ಗಾಡಿಗೆ ಅದು ದಾರಿಯಲ್ಲ. ಹರಿಕೇನ್, ಕೊಲರಾಡೊ ಸಿಟಿ, ಫ್ರೆಡೋನಿಯ, ಕನಾಬ್ ಮೇಲೆ ಸುತ್ತಿ ಬನ್ನಿ.

ಬುಕಿಂಗ್ ಯಾವಾಗ? "ಫುಲ್ ಹುಕಪ್" ಅಂದರೇನು?

ಬೇಸಿಗೆ ವಾರಾಂತ್ಯಕ್ಕೆ ಆರು ತಿಂಗಳ ಮುಂಚೆ ನೋಡಿದರೂ ಬೇಗ ಅಲ್ಲ. ಗಾಡಿಗಿಂತ ಮೊದಲು ಸೈಟ್, ಅಂದರೆ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸುವ ಜಾಗ, ಬುಕ್ ಮಾಡಿ. ಗಾಡಿ ಎಲ್ಲಾದರೂ ಸಿಗುತ್ತದೆ, ನೀರಿನ ಪಕ್ಕದ ಜಾಗ ಸಿಗುವುದಿಲ್ಲ.

ಫುಲ್ ಹುಕಪ್ ಅಂದರೆ ನಿಮ್ಮ ಸೈಟಿನಲ್ಲೇ ನೀರಿನ ನಲ್ಲಿ, ಕರೆಂಟಿನ ಕಂಬ, ಕೊಳಚೆ ಬಿಡುವ ತೂತು, ಮೂರೂ ಇರುತ್ತವೆ. ಹಿರಿಯರಿದ್ದರೆ, ಮೊದಲ ಸಲವಾದರೆ, ಎರಡನೆಯ ಮಾತಿಲ್ಲದೆ ಇದನ್ನೇ ತೆಗೆದುಕೊಳ್ಳಿ. ಇಲ್ಲಿ ಜಾಗ ಸಿಗದಿದ್ದರೆ ಊರೊಳಗೆ ಖಾಸಗಿ ಆರ್‌ವಿ ಪಾರ್ಕ್ ಇದೆ, ಆದರೆ ಅಲ್ಲಿಂದ ನೀರು ಕಾಣುವುದಿಲ್ಲ. ಕ್ಯಾಂಪ್‌ಗ್ರೌಂಡಿನ ಬಾಡಿಗೆಯ ಜೊತೆಗೆ ಗ್ಲೆನ್ ಕ್ಯಾನ್ಯನ್ ಪ್ರದೇಶದ ಪ್ರವೇಶಶುಲ್ಕವೂ ಇದೆ: ಗಾಡಿಗೆ 30 ಡಾಲರ್, ಏಳು ದಿನಕ್ಕೆ.

ಸೈಟಿಗೆ ಹೋದ ತಕ್ಷಣ ಏನು ಮಾಡಬೇಕು?

ಮಕ್ಕಳನ್ನು ನೀರಿಗೆ ಬಿಡುವ ಮುಂಚೆ ಅರ್ಧ ಗಂಟೆ ಕೆಲಸ ಇದೆ. ಮೊದಲು ಗಾಡಿಯನ್ನು ಸಮತಟ್ಟು ಮಾಡಿ. ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆಗಳನ್ನಿಟ್ಟು ಹತ್ತಿಸಬೇಕು. ಹಳೆಯ ಮಾದರಿಯ ಗ್ಯಾಸ್ ಫ್ರಿಜ್ ಇದ್ದರೆ ಗಾಡಿ ವಾಲಿದಾಗ ಅದು ಸರಿಯಾಗಿ ತಂಪಾಗುವುದಿಲ್ಲ. ಅದಲ್ಲದೆ ರಾತ್ರಿ ಅಪ್ಪ ಮಂಚದಿಂದ ಉರುಳಬಾರದಲ್ಲ. ಆಮೇಲೆ ಕರೆಂಟ್: ಕಂಬದ ಬ್ರೇಕರ್ ಆರಿಸಿ, ಪ್ಲಗ್ ಹಾಕಿ, ಆಮೇಲೆ ಬ್ರೇಕರ್ ಹತ್ತಿಸಿ. ನಂತರ ನೀರು: ಕುಡಿಯುವ ನೀರಿಗೆಂದೇ ಇರುವ ಬಿಳಿ ಅಥವಾ ನೀಲಿ ಪೈಪು, ನಲ್ಲಿ ಬಾಯಿಗೆ ಒತ್ತಡ ತಗ್ಗಿಸುವ ಹಿತ್ತಾಳೆಯ ರೆಗ್ಯುಲೇಟರ್. ಅದಿಲ್ಲದೆ ಸಿಕ್ಕಿಸಿದರೆ ಒಳಗಿನ ಪೈಪು ಒಡೆದೀತು. ಗೋಡೆ ಹೊರಕ್ಕೆ ಚಾಚುವ ಸ್ಲೈಡ್‌ಔಟ್ ಇದ್ದರೆ, ಚಾಚುವ ಮುಂಚೆ ಸುತ್ತ ಒಮ್ಮೆ ನೋಡಿ.

ಬಿಸಿಲಿಗೆ ಬಿಚ್ಚುವ ಬಟ್ಟೆಯ ಚಾವಣಿಯನ್ನು ಗಾಳಿ ಎದ್ದರೆ, ಹೊರಗೆ ಹೋಗುವಾಗ, ರಾತ್ರಿ ಮಲಗುವಾಗ ಸುತ್ತಿಡಿ. ಇಲ್ಲಿ ಸಂಜೆ ಗಾಳಿ ಹೇಳಿ ಕೇಳಿ ಬರುವುದಿಲ್ಲ.

ಸ್ನಾನಕ್ಕೆ ಬಿಸಿನೀರು ಸಾಕಾಗುತ್ತಾ?

ಆರ್‌ವಿಯ ಬಿಸಿನೀರಿನ ಟ್ಯಾಂಕು ಬಹುತೇಕ ಆರು ಗ್ಯಾಲನ್. ಅಂದರೆ ಸುಮಾರು 23 ಲೀಟರ್, ನಮ್ಮ ಲೆಕ್ಕದಲ್ಲಿ ಒಂದೂವರೆ ಬಕೆಟ್. ಷವರ್ ಬಿಟ್ಟುಕೊಂಡು ನಿಂತರೆ ಐದು ನಿಮಿಷಕ್ಕೆ ತಣ್ಣೀರು ಬರುತ್ತದೆ, ಒಳಗಿನಿಂದ ಕೂಗೂ ಬರುತ್ತದೆ. ಮೊದಲ ದಿನ ನಾನೂ ಮಗಳೂ ಹೀಗೆ ಕೂಗಿದವರೇ.

ಅಮ್ಮ ಮಾತ್ರ ಕೂಗಲಿಲ್ಲ. ಡ್ರೈಫ್ರೂಟ್ಸ್ ತುಂಬಿಕೊಂಡು ಬಂದಿದ್ದ ಪ್ಲಾಸ್ಟಿಕ್ ಡಬ್ಬ ಖಾಲಿ ಮಾಡಿ, ಅದಕ್ಕೆ ಬಿಸಿನೀರು ಹಿಡಿದು, ಸ್ಟೀಲ್ ಲೋಟದಲ್ಲಿ ಹೊಯ್ದುಕೊಂಡು ಆರಾಮಾಗಿ ಹೊರಬಂದರು. ಇನ್ನೊಬ್ಬರಿಗಾಗುವಷ್ಟು ಬಿಸಿನೀರು ಉಳಿದಿತ್ತು. ಅಂದಿನಿಂದ ನಮ್ಮ ಆರ್‌ವಿ ಪಟ್ಟಿಯಲ್ಲಿ ಮೊದಲ ಸಾಮಾನು ಬಕೆಟ್, ಎರಡನೆಯದು ಚೊಂಬು. ನಲ್ಲಿ ಸಿಕ್ಕಿಸಿದ್ದರೆ ಬರುವ ನೀರಿಗೆ ಮಿತಿ ಇಲ್ಲ, ಬಿಸಿನೀರಿಗೆ ಇದೆ, ಹೊರಹೋಗುವ ನೀರು ತುಂಬುವ ಟ್ಯಾಂಕಿಗೂ ಇದೆ.

ಮುಜುಗರದ ಪ್ರಶ್ನೆ: ಕಕ್ಕಸು?

ಮುಜುಗರ ಬೇಡ. ಎಲ್ಲರೂ ಇದನ್ನೇ ಕೇಳುತ್ತಾರೆ, ಕೊನೆಗೆ ತಗ್ಗಿದ ದನಿಯಲ್ಲಿ.

ಗಾಡಿಯ ಹೊಟ್ಟೆಯಲ್ಲಿ ಎರಡು ಟ್ಯಾಂಕು. ಸಿಂಕು, ಸ್ನಾನದ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಕಕ್ಕಸಿನದು ಬ್ಲ್ಯಾಕ್ ಟ್ಯಾಂಕಿಗೆ. ಕಾಲಿನಲ್ಲಿ ಪೆಡಲ್ ಒತ್ತಿದರೆ ತೂತು ತೆರೆದು ಎಲ್ಲಾ ಕೆಳಗೆ ಬೀಳುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಒಂದೇ: ಫುಲ್ ಹುಕಪ್ ಇದೆಯಲ್ಲ ಅಂತ ಬ್ಲ್ಯಾಕ್ ಟ್ಯಾಂಕಿನ ಬಾಯಿ ತೆರೆದೇ ಬಿಡುವುದು. ಆಗ ನೀರು ಹರಿದು ಹೋಗಿ, ಗಟ್ಟಿ ಮಾತ್ರ ಒಳಗೆ ಕೂತು ಗೋಪುರವಾಗುತ್ತದೆ. ಅದನ್ನು ಒಡೆಯುವ ಕೆಲಸ ಶತ್ರುವಿಗೂ ಬೇಡ. ಬಾಯಿ ಮುಚ್ಚಿಟ್ಟು, ಟ್ಯಾಂಕು ಮುಕ್ಕಾಲು ತುಂಬಲಿ. ಆಗ ಮೊದಲು ಬ್ಲ್ಯಾಕ್ ಬಿಡಿ, ಆಮೇಲೆ ಗ್ರೇ ಬಿಡಿ. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆಯುತ್ತದೆ. ಕೈಗವಸು ಹಾಕಿಕೊಳ್ಳಿ. ಕುಡಿಯುವ ನೀರಿನ ಪೈಪನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ.

ಈ ಟ್ಯಾಂಕಿಗೆ ಬೇಕಾದದ್ದು ಧಾರಾಳ ನೀರು, ಕಡಿಮೆ ಕಾಗದ. ನಾವು ಚೊಂಬಿನವರು ಹುಟ್ಟಾ ಅದನ್ನೇ ಮಾಡುತ್ತೇವೆ. ಪಕ್ಕದ ಸೈಟಿನ ಅಮೆರಿಕನ್ ಅಜ್ಜ ಆರ್‌ವಿಗೆಂದೇ ಮಾಡಿದ ಬೇಗ ಕರಗುವ ಕಾಗದದ ಬಗ್ಗೆ ನನಗೆ ಹತ್ತು ನಿಮಿಷ ಪಾಠ ಮಾಡಿದರು. ನಮ್ಮ ಪದ್ಧತಿ ವಿವರಿಸುವ ಧೈರ್ಯ ನನಗೆ ಬರಲಿಲ್ಲ.

ಅಡುಗೆ ಮಾಡಬಹುದಾ? ಅಪ್ಪನಿಗೆ ಹೊರಗಿನದು ಸೇರುವುದಿಲ್ಲ.

ಮಾಡಬಹುದು, ಮಾಡಲೇಬೇಕು. ಪೇಜ್‌ನಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳಿವೆ. ಹಾಲು, ಮೊಸರು, ತರಕಾರಿ, ಅಕ್ಕಿಗೆ ತೊಂದರೆಯಿಲ್ಲ. ತೊಗರಿಬೇಳೆ, ಸಾರಿನ ಪುಡಿ, ಕರಿಬೇವು, ರಾಗಿಹಿಟ್ಟು ಮಾತ್ರ ಫೀನಿಕ್ಸ್‌ನಿಂದಲೋ ವೇಗಸ್‌ನಿಂದಲೋ ಹೊತ್ತೇ ಬರಬೇಕು.

ಗಾಡಿಯ ಒಲೆ ಪ್ರೊಪೇನ್ ಗ್ಯಾಸಿನದು, ಎರಡೋ ಮೂರೋ ಉರಿ. ಉರಿ ಹಚ್ಚಿದಾಗ ಕಿಟಕಿ ತೆರೆದು ಫ್ಯಾನ್ ಹಾಕಿ. ಆದರೂ ಒಗ್ಗರಣೆ ಒಳಗೆ ಬೇಡ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಮೂರು ಸೆಕೆಂಡಿಗೆ ಹೊಗೆಯ ಅಲಾರಂ ಕಿರುಚುತ್ತದೆ, ಸುತ್ತಲಿನ ಹತ್ತು ಗಾಡಿಯವರು ಎದ್ದು ನೋಡುತ್ತಾರೆ, ಮೇಲಾಗಿ ಆ ಘಾಟು ಹಾಸಿಗೆಗೆ ಹತ್ತಿ ಗಾಡಿ ವಾಪಸು ಕೊಡುವಾಗ ಶುಚಿ ಮಾಡುವ ದಂಡವಾಗುತ್ತದೆ. ಸೈಟಿನ ಮೇಜಿನ ಮೇಲೆ ಸಣ್ಣ ಕ್ಯಾಂಪ್ ಒಲೆ ಇಟ್ಟು ಒಗ್ಗರಣೆ, ಹಪ್ಪಳ, ದೋಸೆ ಎಲ್ಲಾ ಅಲ್ಲೇ. ಬೇಸಿಗೆಯಲ್ಲಿ ಬೆಂಕಿ ನಿರ್ಬಂಧ ಬಂದರೆ ಕಟ್ಟಿಗೆ, ಇದ್ದಿಲು ಬಂದ್ ಆಗುತ್ತವೆ. ಗ್ಯಾಸ್ ಒಲೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗೇಟಿನಲ್ಲಿ ಕೇಳಿಕೊಳ್ಳಿ.

ನೆಲದ ಹತ್ತಿರ ಇನ್ನೊಂದು ಅಲಾರಂ ಇರುತ್ತದೆ, ಅದು ಪ್ರೊಪೇನ್ ಸೋರಿಕೆಗೆ. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ, ಅದಕ್ಕೇ ಅಲ್ಲಿ. ಅದು ಕೂಗಿದರೆ ಮಾತ್ರ ಮೆಣಸಿನಕಾಯಿ ಅಂದುಕೊಂಡು ಸುಮ್ಮನಿರಬೇಡಿ. ಎಲ್ಲರೂ ಹೊರಗೆ ಬನ್ನಿ.

ಈ ಜಾಗ ಸಮುದ್ರಮಟ್ಟದಿಂದ ಸುಮಾರು ನಾಲ್ಕು ಸಾವಿರ ಅಡಿ ಮೇಲಿದೆ. ನೀರು 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವುದರಿಂದ ಬರೀ ಪಾತ್ರೆಯಲ್ಲಿಟ್ಟ ಬೇಳೆ ಬೇಯುವುದೇ ಇಲ್ಲ ಅನ್ನಿಸುತ್ತದೆ. ಕುಕ್ಕರ್ ಇರಲಿ, ಒಂದು ಕೂಗು ಹೆಚ್ಚಿಗೆ ಕೂಗಿಸಿ. ದೋಸೆಹಿಟ್ಟು ಮನೆಯಲ್ಲೇ ರುಬ್ಬಿ ಅರ್ಧ ಡಬ್ಬ ಮಾತ್ರ ತುಂಬಿ ತನ್ನಿ. ಬೇಸಿಗೆಯ ಗಾಡಿಯೊಳಗೆ ಅದು ಫ್ಲ್ಯಾಗ್‌ಸ್ಟಾಫ್ ದಾಟುವ ಮುಂಚೆಯೇ ಹುಳಿ ಬಂದು ಡಬ್ಬದಿಂದ ಹೊರಗೆ ಇಣುಕುತ್ತದೆ.

ಅನ್ನದ ಅಗುಳು, ಎಣ್ಣೆ, ಸಾರಿನ ಗಸಿ ಸಿಂಕಿಗೆ ಹೋಗಬಾರದು. ತಟ್ಟೆಯನ್ನು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಗ್ರೇ ಟ್ಯಾಂಕಿನಲ್ಲಿ ಮೂರು ದಿನ ಕೊಳೆತ ಹುಣಸೆಹುಳಿಯ ವಾಸನೆ ಬ್ಲ್ಯಾಕ್ ಟ್ಯಾಂಕಿಗೆ ಸೆಡ್ಡು ಹೊಡೆಯುತ್ತದೆ.

ಏಸಿ ಹಾಕಿದಾಗೆಲ್ಲ ಕರೆಂಟ್ ಹೋಗುತ್ತೆ ಅಂತಾರಲ್ಲ?

30 ಆಂಪ್ ಗಾಡಿಯಾದರೆ ಲೆಕ್ಕ ಸರಳ: 30 ಆಂಪ್, 120 ವೋಲ್ಟ್, ಒಟ್ಟು 3,600 ವಾಟ್. ಏಸಿಯೇ ಅದರಲ್ಲಿ ಅರ್ಧದ ಹತ್ತಿರ ತಿನ್ನುತ್ತದೆ. ಅದರ ಮೇಲೆ 1,500 ವಾಟಿನ ಕೆಟಲ್, ಜೊತೆಗೆ ಮೈಕ್ರೋವೇವ್ ಅಂದರೆ ಬ್ರೇಕರ್ ಬೀಳುತ್ತದೆ. ಕಾಫಿಗೆ ನೀರು ಗ್ಯಾಸಿನಲ್ಲಿ ಕಾಯಿಸಿ. 50 ಆಂಪ್ ಗಾಡಿಯಲ್ಲಿ ಈ ತಲೆನೋವಿಲ್ಲ. ಊರಿಂದ ತಂದ 220 ವೋಲ್ಟಿನ ಮಿಕ್ಸಿ ಎರಡರಲ್ಲೂ ಓಡುವುದಿಲ್ಲ.

ಜನರೇಟರ್ ಗಾಡಿಯ ಪೆಟ್ರೋಲ್ ಟ್ಯಾಂಕಿನಿಂದಲೇ ಎಳೆಯುತ್ತದೆ, ಕಾಲುಭಾಗಕ್ಕೆ ಇಳಿದ ಮೇಲೆ ನಿಂತುಬಿಡುತ್ತದೆ. ಹುಕಪ್ ಇದ್ದಾಗ ಅದರ ಗೊಡವೆ ಬೇಡ.

ನನ್ನ ಫೋನಿನ ಗಡಿಯಾರ ಹುಚ್ಚು ಹಿಡಿದಂತೆ ಆಡುತ್ತಿದೆ. ಯಾಕೆ?

ಫೋನಿಗೆ ಹುಚ್ಚಿಲ್ಲ, ಊರಿಗೆ. ಅರಿಜೋನ ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ. ಯೂಟಾ ತಿರುಗಿಸುತ್ತದೆ. ಅರಿಜೋನದೊಳಗೇ ಇರುವ ನವಾಹೊ ನೇಷನ್, ಅಂದರೆ ನವಾಹೊ ಜನರ ಸ್ವಂತ ಆಡಳಿತದ ಸೀಮೆ, ಕೂಡ ತಿರುಗಿಸುತ್ತದೆ. ಪೇಜ್ ಇರುವುದು ಈ ಮೂರರ ಸಂದಿಯಲ್ಲಿ. ಹೀಗಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಯಾವ ಟವರಿನ ಸಿಗ್ನಲ್ ಹಿಡಿಯಿತೋ ಅದರ ಗಂಟೆ ಫೋನಿನಲ್ಲಿ. ಹೋದ ತಕ್ಷಣ ಆಟೊಮ್ಯಾಟಿಕ್ ಸಮಯ ಆರಿಸಿ, ಫೀನಿಕ್ಸ್ ಸಮಯ ಅಂತ ಕೈಯಾರೆ ಹಾಕಿ. ಆ್ಯಂಟಿಲೋಪ್ ಕ್ಯಾನ್ಯನ್ ಎಂಬ ಕಿರಿದಾದ ಬಂಡೆ ಬಿರುಕು ಇರುವುದು ನವಾಹೊ ನೆಲದಲ್ಲಾದರೂ ಅಲ್ಲಿನ ಟೂರುಗಳು ನಡೆಯುವುದು ಪೇಜ್ ಊರಿನ ಗಂಟೆಗೇ. ಅಪ್ಪನ ಎಚ್‌ಎಂಟಿ ವಾಚು ಇಲ್ಲಿ ಎಲ್ಲರ ಫೋನಿಗಿಂತ ನಂಬಿಕಸ್ಥವಾಗಿತ್ತು. ಅದನ್ನು ಅವರು ಇವತ್ತಿಗೂ ಹೇಳುತ್ತಾರೆ.

ಮಕ್ಕಳನ್ನು ನೀರಿಗೆ ಬಿಡಬಹುದಾ?

ಬಿಡಬಹುದು, ಕಣ್ಣಿಟ್ಟು. ಜೀವರಕ್ಷಕರು ಇರುವುದಿಲ್ಲ. ಇದು ಮುಳುಗಿದ ಕಣಿವೆ, ಹಾಗಾಗಿ ಕೆಲವು ಕಡೆ ಮೊಣಕಾಲು ನೀರಿನಿಂದ ಎರಡು ಹೆಜ್ಜೆಗೆ ಆಳ. ದೋಣಿಯಲ್ಲಿ 12 ವರ್ಷದವರೆಗಿನ ಮಕ್ಕಳಿಗೆ ಲೈಫ್ ಜಾಕೆಟ್ ಕಡ್ಡಾಯ. ಈಜು ಬರದ ದೊಡ್ಡವರಿಗೂ ಹಾಕಿ, ನಾಚಿಕೆಯೇನು. 15 ಅಡಿ ಅಥವಾ ಅದಕ್ಕಿಂತ ಎತ್ತರದ ಬಂಡೆಯಿಂದ ಹಾರುವುದು ನಿಷಿದ್ಧ.

ಹೆಚ್ಚಿನವರಿಗೆ ಗೊತ್ತಿರದ ಅಪಾಯ ದೋಣಿಯ ಹೊಗೆ. ಹೌಸ್‌ಬೋಟ್ ಎಂಜಿನ್ನೋ ಜನರೇಟರೋ ಓಡುತ್ತಿರುವಾಗ ಹಿಂಬದಿಯಲ್ಲಿ ಈಜಿದರೆ ಕಾರ್ಬನ್ ಮೊನಾಕ್ಸೈಡ್ ಕ್ಷಣದಲ್ಲಿ ಎಚ್ಚರ ತಪ್ಪಿಸುತ್ತದೆ. ಇದೇ ಲೇಕ್ ಪವೆಲ್‌ನಲ್ಲಿ 2000ದಲ್ಲಿ ಇಬ್ಬರು ಅಣ್ಣತಮ್ಮ ಹುಡುಗರು ಹಾಗೆ ತೀರಿಕೊಂಡ ಮೇಲೆ ಸರ್ಕಾರಿ ತಜ್ಞರು ಬಂದು ತನಿಖೆ ಮಾಡಿದ್ದರು. ಬಣ್ಣ, ವಾಸನೆ ಇಲ್ಲದ ವಿಷ. ಎಂಜಿನ್ ಆರಿಸಿದ ಮೇಲಷ್ಟೇ ನೀರಿಗೆ ಇಳಿಯಿರಿ.

ಗಾಳಿ ತುಂಬುವ ಕಯಾಕ್ ತಂದಿದ್ದರೆ ಹೊರಡುವಾಗ ತೊಳೆದು ಒಣಗಿಸಿ ಮಡಚಿ. ಕ್ವಾಗಾ ಎಂಬ ಉಗುರಿನಷ್ಟು ಕಪ್ಪೆಚಿಪ್ಪು ಈ ನೀರಿಗೆ ಸೇರಿಕೊಂಡಿದೆ. ನಿಮ್ಮ ಮೂಲಕ ಇನ್ನೊಂದು ಕೆರೆಗೆ ಹೋಗಬಾರದು.

ಲೋನ್ ರಾಕ್ ಬೀಚಿನಲ್ಲಿ ಗಾಡಿಯನ್ನು ನೀರಿನ ಅಂಚಿಗೇ ನಿಲ್ಲಿಸಬಹುದಂತೆ?

ನಿಲ್ಲಿಸಬಹುದು. ಫೋಟೋದಲ್ಲಿ ಚೆನ್ನಾಗಿರುತ್ತದೆ. ಹುಕಪ್ ಇಲ್ಲ, ನೆರಳಿಲ್ಲ, ನೆಲ ಪೂರಾ ಮರಳು. ಬಾಡಿಗೆ ಆರ್‌ವಿಯ ಹಿಂಚಕ್ರ ಒಮ್ಮೆ ಹೂತರೆ ಎಳೆಸುವ ಖರ್ಚು ನಿಮ್ಮ ರಜೆಯ ಖರ್ಚನ್ನು ಮೀರೀತು. ಸಂಜೆ ಕಾರಿನಲ್ಲೋ ಗಟ್ಟಿ ನೆಲದವರೆಗೆ ಆರ್‌ವಿಯಲ್ಲೋ ಹೋಗಿ ನೋಡಿ ಬನ್ನಿ. ಅದು ಯೂಟಾ ಸೀಮೆ, ಗಡಿಯಾರ ಮತ್ತೆ ಒಂದು ಗಂಟೆ ಮುಂದು.

ನೀರು ಇಳಿದುಹೋಗಿದೆ ಅಂತ ಸುದ್ದಿ. ಹೋದರೆ ಏನಾದರೂ ಕಾಣುತ್ತಾ?

ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾವು ಪೇಪರ್ ಬಿಡಿಸಿದ ಕೂಡಲೇ ಕನ್ನಂಬಾಡಿ ಕಟ್ಟೆ ಎಷ್ಟಾಯಿತು, 124.80 ಅಡಿಗೆ ಇನ್ನೆಷ್ಟು ಅಂತ ನೋಡುತ್ತೇವಲ್ಲ, ಇಲ್ಲಿಯವರ ಸಂಖ್ಯೆ 3,700. ಸಮುದ್ರಮಟ್ಟದಿಂದ 3,700 ಅಡಿಗೆ ನೀರು ಬಂದರೆ ಕಟ್ಟೆ ತುಂಬಿತು. 1963ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದ ಇದು ಮೊದಲ ಸಲ ತುಂಬಿದ್ದು 1980ರಲ್ಲಿ. ಹದಿನೇಳು ವರ್ಷ ಬೇಕಾಯಿತು. 2000ದ ನಂತರದ ಬರಗಾಲದಲ್ಲಿ ಇಳಿಯುತ್ತಾ ಇಳಿಯುತ್ತಾ 2023ರ ಆರಂಭದಲ್ಲಿ 3,520 ಅಡಿಯ ಆಸುಪಾಸಿಗೆ ಬಂದಿತ್ತು. ತುಂಬಿದಾಗ 186 ಮೈಲಿ ಉದ್ದದ ನೀರು ಇದು, ಹಾಗಾಗಿ ಇಳಿದರೂ ನಿಮ್ಮ ಕಣ್ಣಿಗೆ ಬೇಕಾದಷ್ಟು ಇರುತ್ತದೆ. ಕೆಂಪು ಗೋಡೆಯ ಮೇಲೆ ಬಿಳಿಯ ಪಟ್ಟೆ ಕಾಣುತ್ತದಲ್ಲ, ಅದೇ ಹಳೆಯ ನೀರಿನ ಗುರುತು. ಬಾಗಿನ ಅರ್ಪಿಸುವ ಪದ್ಧತಿ ಇಲ್ಲಿ ಇಲ್ಲವಾ ಅಂತ ಅಪ್ಪ ಕೇಳಿದರು.

ಅಣೆಕಟ್ಟು 710 ಅಡಿ ಎತ್ತರ. ಎದುರಿನ ಸೇತುವೆಯ ಮೇಲೆ ನಡೆದುಕೊಂಡು ಹೋಗಿ ಕೆಳಗೆ ನೋಡಿ. ಒಂದು ಬದಿಯಲ್ಲಿ ಬಿಳಿ ಕಾಂಕ್ರೀಟಿನ ಗೋಡೆ, ಇನ್ನೊಂದು ಬದಿಯಲ್ಲಿ ಹಸಿರು ನದಿ. ದಡದಲ್ಲಿ ಸಂದರ್ಶಕರ ಕೇಂದ್ರವಿದೆ, ಆರ್‌ವಿ ನಿಲ್ಲಿಸಲು ಜಾಗವಿದೆ. ತುಂಬಿದಾಗ ಏನೆಲ್ಲ ಮುಳುಗಿತು ಅನ್ನುವ ಮಾತು ಇಲ್ಲಿ ಇನ್ನೂ ಆರಿಲ್ಲ. ಹಳೆಯ ಕನ್ನಂಬಾಡಿಯ ದೇವಸ್ಥಾನದ ಕಥೆ ಕೇಳಿ ಬೆಳೆದವರಿಗೆ ಅದು ಹೊಸದೇನಲ್ಲ.

ಸುತ್ತ ಏನೇನು ನೋಡಬೇಕು?

ಹಾರ್ಸ್‌ಶೂ ಬೆಂಡ್, ಅಂದರೆ ನದಿ ಕುದುರೆ ಲಾಳದ ಹಾಗೆ ತಿರುಗುವ ಜಾಗ, ಬೆಳಗ್ಗೆ ಎಂಟರೊಳಗೆ. ನಿಲುಗಡೆ ಪೇಜ್ ಊರಿನವರದ್ದು, ಕಾರಿಗೆ 10 ಡಾಲರ್. ರಾಷ್ಟ್ರೀಯ ಉದ್ಯಾನಗಳ ಪಾಸ್ ನಡೆಯುವುದಿಲ್ಲ. ಹೋಗಿ ಬರಲು ಒಂದೂವರೆ ಮೈಲಿ, ನೆರಳಿಲ್ಲ. ಕೆಳಗೆ ಸಾವಿರ ಅಡಿ ಪ್ರಪಾತ, ಬೇಲಿ ಇರುವುದು ಸ್ವಲ್ಪ ಜಾಗದಲ್ಲಿ ಮಾತ್ರ. ಮಕ್ಕಳ ಕೈ ಬಿಡಬೇಡಿ, ಸೆಲ್ಫಿಗೆ ಹಿಂದೆ ಹಿಂದೆ ಹೋಗುವ ಭಾವನ ಕೈಯನ್ನೂ ಬಿಡಬೇಡಿ.

ಆ್ಯಂಟಿಲೋಪ್ ಕ್ಯಾನ್ಯನ್‌ಗೆ ನವಾಹೊ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ. ಕಾರಣವಿದೆ: 1997ರ ಆಗಸ್ಟ್ 12ರಂದು ಎಲ್ಲೋ ಮೈಲಿಗಟ್ಟಲೆ ದೂರ ಸುರಿದ ಮಳೆಯ ನೀರು ಈ ಬಿರುಕಿಗೆ ನುಗ್ಗಿ 11 ಜನ ಕೊಚ್ಚಿಹೋದರು. ಮೇಲೆ ಆಕಾಶ ಶುಭ್ರವಾಗಿದ್ದರೂ ಟೂರು ರದ್ದಾದರೆ ಜಗಳ ಮಾಡಬೇಡಿ. ಇದರಲ್ಲಿ ಅಪ್ಪರ್, ಲೋವರ್ ಅಂತ ಎರಡು ಭಾಗ. ಲೋವರ್ ಕ್ಯಾನ್ಯನ್‌ನಲ್ಲಿ ಕಡಿದಾದ ಕಬ್ಬಿಣದ ಏಣಿಗಳಿವೆ, ಮಂಡಿನೋವಿನವರಿಗೆ ಆಗದು. ಅಪ್ಪರ್ ಬುಕ್ ಮಾಡುವಾಗಲೂ ಮೆಟ್ಟಿಲಿನ ವಿಷಯ ಕೇಳಿಕೊಳ್ಳಿ.

ರೇನ್‌ಬೋ ಬ್ರಿಜ್, 290 ಅಡಿ ಎತ್ತರದ ಕಲ್ಲಿನ ಕಮಾನು, ದೋಣಿಯಲ್ಲಿ ಹೋಗಬೇಕು, ದಿನದ ಬಹುಭಾಗ ಹಿಡಿಯುತ್ತದೆ. ನೀರಿನ ಮಟ್ಟದ ಮೇಲೆ ಕೊನೆಯ ನಡಿಗೆ ಎಷ್ಟು ಅನ್ನುವುದು ನಿರ್ಧಾರವಾಗುತ್ತದೆ. ನವಾಹೊ ಮತ್ತಿತರ ಬುಡಕಟ್ಟುಗಳಿಗೆ ಅದು ಪವಿತ್ರ. ಕಮಾನಿನ ಕೆಳಗೆ ಹಾಯಬೇಡಿ ಅನ್ನುತ್ತಾರೆ. ಅಮ್ಮ ದೂರದಿಂದಲೇ ಕೈಮುಗಿದರು, ಯಾರೂ ಹೇಳಿಕೊಡಲಿಲ್ಲ.

ಡ್ರೋನ್ ತರಬೇಡಿ, ಎಲ್ಲೂ ಹಾರಿಸುವಂತಿಲ್ಲ.

ಗದ್ದಲ ಮಾಡಿದರೆ ಬೈಯುತ್ತಾರಾ?

ರಾತ್ರಿ ಹತ್ತರ ಮೇಲೆ ಸದ್ದಿರಬಾರದು. ಬೈಯುವುದಿಲ್ಲ, ಸಿಬ್ಬಂದಿ ಗಾಲ್ಫ್ ಗಾಡಿಯಲ್ಲಿ ಬಂದು ನಗುತ್ತಲೇ ಹೇಳುತ್ತಾರೆ. ಎರಡನೆಯ ಸಲ ನಗುವುದಿಲ್ಲ. ಊರಿಗೆ ವಿಡಿಯೊ ಕಾಲ್ ಮಾಡುವ ಸಮಯ ನಮಗೆ ಸಿಗುವುದು ಸರಿಯಾಗಿ ಆಗಲೇ, ಅಲ್ಲಿ ಬೆಳಗಿನ ಹತ್ತೂವರೆ. "ಕೇಳಿಸ್ತಿದೆಯಾ?" ಅಂತ ಕೂಗುವ ಅತ್ತೆಯವರಿಗೆ ಇಯರ್‌ಫೋನ್ ಕೊಡಿ.

ಒಂದು ಅಲಿಖಿತ ನಿಯಮ: ಬೇರೆಯವರ ಸೈಟನ್ನು ಅಡ್ಡ ಹಾಯ್ದು ನಲ್ಲಿಗೋ ನೀರಿಗೋ ಹೋಗಬಾರದು. ಖಾಲಿ ಜಾಗದ ಹಾಗೆ ಕಂಡರೂ ಅದು ಅವರ ಅಂಗಳ.

ಹೋಟೆಲಿಗಿಂತ ಅಗ್ಗವಾ?

ಇಲ್ಲ. ಗಾಡಿ ಬಾಡಿಗೆ, ಮೈಲಿಗಿಷ್ಟು ಅನ್ನುವ ಶುಲ್ಕ, ವಿಮೆ, ಪೆಟ್ರೋಲ್, ಸೈಟು ಕೂಡಿಸಿದರೆ ಎರಡು ರೂಮು ಮಾಡಿ ಹೋಟೆಲಿನಲ್ಲಿ ತಿಂದರೂ ಅಷ್ಟಾಗುವುದಿಲ್ಲ. ಅಗ್ಗ ಅಂತ ಯಾರಾದರೂ ಹೇಳಿದರೆ ಅವರು ಸ್ವಂತ ಆರ್‌ವಿ ಇಟ್ಟವರು, ಅದರ ಸಾಲದ ಕಂತನ್ನು ಲೆಕ್ಕಕ್ಕೆ ಹಿಡಿದಿಲ್ಲ.

ವಯಸ್ಸಾದವರಿಗೆ ನಿಜಕ್ಕೂ ಆಗುತ್ತಾ? ಅಪ್ಪನಿಗೆ ಎಪ್ಪತ್ತಾರು.

ಗಾಡಿಯ ಮೆಟ್ಟಿಲು ಎತ್ತರ, ಒಂದು ಸಣ್ಣ ಸ್ಟೂಲು ಇಡಿ. ರಾತ್ರಿ ಎದ್ದು ಬಚ್ಚಲಿಗೆ ಹೋಗಲು ದಾರಿದೀಪ ಹಚ್ಚಿಡಿ. ಒಣಹವೆಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ನೀರು ಕುಡಿಯುತ್ತಿರಲಿ. ಮಜ್ಜಿಗೆಯಾದರೆ ಇನ್ನೂ ಒಳ್ಳೆಯದು. ಇಷ್ಟು ಮಾಡಿದರೆ ಆಗುತ್ತದೆ.

ಹೋಟೆಲಿನಲ್ಲಿ ನಮ್ಮಪ್ಪ ಮಂಚದ ತುದಿಯಲ್ಲಿ ಕೂತು ಟೀವಿ ನೋಡುತ್ತಾ ಮುಂದೇನು ಅಂತ ಕಾಯುವವರು. ಇಲ್ಲಿ ಎರಡನೆಯ ದಿನಕ್ಕೆ ಟ್ಯಾಂಕುಗಳ ಮಟ್ಟ ತೋರಿಸುವ ದೀಪಗಳ ಉಸ್ತುವಾರಿ ತಾವೇ ವಹಿಸಿಕೊಂಡರು. ಗ್ರೇ ಅರ್ಧ, ಬ್ಲ್ಯಾಕ್ ಕಾಲು, ಗ್ಯಾಸ್ ಮುಕ್ಕಾಲು ಅಂತ ಬೆಳಗ್ಗೆ ಕಾಫಿಗೆ ಮುಂಚೆ ವರದಿ. "ನಿನ್ನ ಮಗಳು ಹಲ್ಲುಜ್ಜುವಾಗ ನಲ್ಲಿ ಬಿಟ್ಟೇ ಇರ್ತಾಳೆ" ಅಂತ ದೂರು. ಬಾವಿಯಿಂದ ನೀರು ಸೇದಿ, ಸೌದೆ ಎಣಿಸಿ ಒಟ್ಟಿ ಬದುಕಿದವರಿಗೆ ಈ ಗಾಡಿಯಲ್ಲಿ ಹೊಸದಾಗಿ ಕಲಿಯುವುದು ಅಂಥದ್ದೇನೂ ಇರಲಿಲ್ಲ. ತಿಣುಕಾಡಿದ್ದು ನಾವು.

ವಾಪಸು ಕೊಡುವಾಗ ಏನು ನೋಡಿಕೊಳ್ಳಬೇಕು?

ಎರಡೂ ಟ್ಯಾಂಕು ಖಾಲಿ ಮಾಡಿಯೇ ಕ್ಯಾಂಪ್‌ಗ್ರೌಂಡ್ ಬಿಡಿ, ತುಂಬಿದ ಹೊಟ್ಟೆಯಲ್ಲಿ ಘಾಟಿ ಇಳಿಯಬೇಡಿ. ಪೆಟ್ರೋಲ್, ಪ್ರೊಪೇನ್ ತೆಗೆದುಕೊಂಡಷ್ಟೇ ತುಂಬಿಸಿ. ಹೊರಡುವ ಮುಂಚೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ: ಕರೆಂಟ್ ವೈರು, ನೀರಿನ ಪೈಪು, ಮೆಟ್ಟಿಲು, ಚಾವಣಿ, ಚಕ್ರದ ಕೆಳಗಿನ ಹಲಗೆ. ಒಳಗೆ ಕಪಾಟುಗಳ ಚಿಲಕ. ನಾವು ಒಂದು ಸಲ ಫ್ರಿಜ್ಜಿನ ಚಿಲಕ ಹಾಕುವುದು ಮರೆತು, ಮೊದಲ ತಿರುವಿನಲ್ಲೇ ಉಳಿದ ಮೊಸರು ಗಾಡಿಯ ಉದ್ದಕ್ಕೂ ಹರಿಯಿತು. ಒರೆಸಲು ಹಳೆಯ ಪಂಚೆ ಒಂದು ಇರಲಿ.